ಮುಂದೆ ಕಾರು, ಹಿಂದೆ ತೊಟ್ಟಿ

ಒಂದು ವಸ್ತುವನ್ನು ಕೊಳ್ಳುವ ಮುಂಚೆ ಅದರ ಒಳಿತು ಕೆಡುಕು ಯೋಚಿಸುವವರು ಕೆಲವರಿದ್ದಾರೆ. ಕೊಂಡಮೇಲೆ ಯೋಚಿಸುವವರು ಬಹಳ ಜನ. ಕೊಂಡು, ಮನೆ ಮುಂದೆ ತಂದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಆಮೇಲೆ ಊರಿನವರನ್ನು ಕರೆದು "ತಗೊಳ್ಳೋದು ವಾಸಿನೋ ಬಿಡೋದು ವಾಸಿನೋ, ನೀವೇ ಹೇಳ್ರಪ್ಪ" ಎಂದು ಕೇಳಿದವನು ನಮಗೆ ತಿಳಿದಂತೆ ಮುರಳಿಮೋಹನ್ ಒಬ್ಬನೇ.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವಾಗ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ನಮ್ಮೂರು. ಮುರಳಿಮೋಹನ್ ಶಿಡ್ಲಘಟ್ಟದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅವನ ಅಪ್ಪ ಮುನಿವೆಂಕಟಪ್ಪ, ಅಮ್ಮ ಅಮ್ಮಾಜಮ್ಮ ಇಬ್ಬರೂ ರೇಷ್ಮೆಹುಳು ಸಾಕುತ್ತಾರೆ. ಮಗ ಮೀಸೆ ಸಾಕುತ್ತಾನೆ. ಹುಳುಗಳಿಗೆ ತೋಟದಿಂದ ಸೊಪ್ಪು ತರಲು, ಗೂಡು ಮಾರ್ಕೆಟ್ಟಿಗೆ ಸಾಗಿಸಲು ಮನೆಗೊಂದು ಗಾಡಿ ಬೇಕೆಂದು ಅಪ್ಪ ಕೇಳುತ್ತಿದ್ದ. ಎಲ್ಲರ ಹಾಗೆ ಕೂತು ಓಡಾಡಲು ಒಂದು ಕಾರು ಬೇಕೆಂದು ಹೆಂಡತಿ ಪವಿತ್ರ ಕೇಳುತ್ತಿದ್ದಳು. ಮುರಳಿಮೋಹನ್ ಇಬ್ಬರ ಮಾತನ್ನೂ ಉಳಿಸಿದ. ಮುಂದೆ ಕಾರಿನ ಹಾಗೆ ನಾಲ್ಕು ಬಾಗಿಲು, ಏಸಿ, ಮೆತ್ತನೆ ಸೀಟು. ಹಿಂದೆ ಮೇಲ್ಛಾವಣಿಯಿಲ್ಲದ ತೊಟ್ಟಿ. ಅಂಥ ಪಿಕಪ್ಪೊಂದನ್ನು ತಂದು ನಿಲ್ಲಿಸಿದ. ಅದರ ಉದ್ದಕ್ಕೆ ಅವನ ಮನೆಯ ಅಂಗಳ ಸಾಲದೆ, ಬಾಲ ಪಕ್ಕದ ಮನೆಯವರ ರಂಗೋಲಿಯ ಮೇಲೆ ನಿಂತಿತು.

ಇದು ಮನೆಯವರಿಗೆ ಹೇಳಿದ ಕಾರಣ. ನಿಜವಾದ ಕಾರಣ ಗೌರಿಬಿದನೂರಿನಲ್ಲಿತ್ತು. ಅವನ ಹೆಸರು ಮೋಹನ್‌ಬಾಬು.

ಮೋಹನ್‌ಬಾಬು ಪವಿತ್ರಳ ತಂಗಿಯ ಗಂಡ, ಅಂದರೆ ಮುರಳಿಮೋಹನನ ಷಡ್ಡಕ. ಮಾವ ಚೆನ್ನರಾಯಪ್ಪನಿಗೆ ಮೂವರು ಹೆಣ್ಣುಮಕ್ಕಳು. ಮೊದಲನೆಯವಳು ಪವಿತ್ರ, ಆದ್ದರಿಂದ ಮುರಳಿಮೋಹನ್ ದೊಡ್ಡಳಿಯ. ಆದರೆ ಮೋಹನ್‌ಬಾಬುವಿಗೆ ಕಾರಿತ್ತು. ಆ ಮನೆತನದಲ್ಲಿ ಯಾರ ಮದುವೆಯಾದರೂ ಹೂವಿನ ಅಲಂಕಾರ ಆಗುವುದು ಅವನ ಕಾರಿಗೇ. ಮದುವೆಗಂಡನ್ನು ಗುಡಿಯಿಂದ ಛತ್ರಕ್ಕೆ ಕರೆತರುವುದೂ ಅವನೇ. ದೊಡ್ಡಳಿಯ ಹಿಂದಿನ ಟೆಂಪೋದಲ್ಲಿ ವಾಲಗದವರ ಡೋಲು ಹಿಡಿದುಕೊಂಡು ಬರುತ್ತಿದ್ದ. ಈಗ ಕೊನೆಯ ಮಗಳು ಸೌಜನ್ಯಳ ಮದುವೆ ಗೌರಿಬಿದನೂರಿನಲ್ಲೇ ಎಂದು ನಿಶ್ಚಯವಾಗಿತ್ತು. ಮಾವನಿಗೆ ಇನ್ನು ಹೆಣ್ಣುಮಕ್ಕಳಿಲ್ಲ. ಈ ಸಲ ತಪ್ಪಿದರೆ ಮುರಳಿಮೋಹನ್ ಜೀವಮಾನವಿಡೀ ಡೋಲು ಹಿಡಿದವನಾಗಿಯೇ ಉಳಿಯುತ್ತಿದ್ದ.

ಗಾಡಿ ಬಂದ ದಿನ ವೆಂಕಟರವಣಪ್ಪನ ಟೀ ಅಂಗಡಿಯ ಮುಂದೆ ಒಳಿತು ಕೆಡುಕಿನ ವಿಚಾರಣೆ ನಡೆಯಿತು.

"ಇದು ಕಾರೋ ಲಾರಿಯೋ?" ವೆಂಕಟರವಣಪ್ಪ ಕೇಳಿದ.

"ಎರಡೂ ಅಣ್ಣ. ಮುಂದೆ ಕಾರು, ಹಿಂದೆ ಗಾಡಿ."

"ಹಂಗಾದ್ರೆ ಕಾರಿನೋರು ಇದನ್ನ ಸೇರಿಸಲ್ಲ, ಲಾರಿಯೋರೂ ಸೇರಿಸಲ್ಲ."

"ಬೆಟ್ಟ ಹತ್ತುತ್ತೆ ಅಣ್ಣ ಇದು. ನದಿ ದಾಟುತ್ತೆ. ಕಂಪನಿಯೋರ ವೀಡಿಯೋದಲ್ಲಿ ನೋಡಿ ಬೇಕಾದ್ರೆ."

ನಮ್ಮ ಸುತ್ತಮುತ್ತ ದಾಟಲು ಯಾವ ನದಿಯಿದೆ ಎಂದು ಎಲ್ಲರೂ ಸ್ವಲ್ಪ ಹೊತ್ತು ಯೋಚಿಸಿದರು. ಯಾರಿಗೂ ಹೊಳೆಯಲಿಲ್ಲ.

"ಕೆರೆ ಇಳಿಸ್ಬೋದು ಬಿಡು, ನೀರಿಲ್ಲದಾಗ," ಎಂದು ಒಬ್ಬರು ಸಮಾಧಾನ ಹೇಳಿದರು.

"ಮಳೆ ಬಂದ್ರೆ ಹಿಂದಿನ ಸಾಮಾನು?"

"ಟಾರ್ಪಾಲು ಹೊದಿಸ್ತೀನಿ."

"ಎಲ್ಲಾ ಸರಿನಪ್ಪ. ಮುಂದಿನ ಸೀಟಲ್ಲಿ ನೀನು ಏಸಿ ಹಾಕ್ಕೊಂಡು ಕೂತಿರ್ತೀಯ. ಹಿಂದೆ ತೊಟ್ಟೀಲಿ ನಮ್ಮ ಹಸು ನಿಂತಿರುತ್ತೆ. ನೋಡ್ದೋರು ನೀನು ಹಸೂನ ಕರ್ಕೊಂಡು ಹೋಗ್ತಿದೀಯ ಅಂತಾರೋ, ಹಸು ನಿನ್ನ ಕರ್ಕೊಂಡು ಹೋಗ್ತಿದೆ ಅಂತಾರೋ?"

"ಹಸು ಯಾಕೆ ನಿಂತಿರುತ್ತೆ?" ಮುರಳಿಮೋಹನ್ ಗಾಬರಿಯಿಂದ ಕೇಳಿದ.

"ಯಾಕಂದ್ರೆ ನಾಳೆ ಅದನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕಲ್ಲ," ವೆಂಕಟರವಣಪ್ಪ ಟೀ ಸೋಸುತ್ತ ಹೇಳಿದ.

ಇಲ್ಲಿ ಮನುಷ್ಯಸ್ವಭಾವದ ಬಗ್ಗೆ ಒಂದು ಮಾತು ಹೇಳಬೇಕು. ಕಾರಿಟ್ಟುಕೊಂಡವನ ಹತ್ತಿರ ಕಾರು ಕೇಳಲು ಎಂಥವನಿಗೂ ಸ್ವಲ್ಪ ಸಂಕೋಚವಾಗುತ್ತದೆ. ಅದೇ ಕಾರಿನ ಬೆನ್ನಿಗೊಂದು ತೊಟ್ಟಿ ಅಂಟಿಸಿ ನೋಡಿ, ಸಂಕೋಚ ಮಾಯ. ಕಾರಿನ ಬಾಗಿಲು ಮುಚ್ಚಿರುತ್ತದೆ; ತೊಟ್ಟಿ ಆಕಾಶಕ್ಕೆ ಬಾಯಿ ತೆರೆದು ಏನಾದರೂ ಹಾಕಿ ಎನ್ನುತ್ತಿರುತ್ತದೆ. ಗೊಬ್ಬರದವರು ಬಂದರು, ಹಳೆ ಮಂಚದವರು ಬಂದರು. ಮುರಳಿಮೋಹನ್ ಒಬ್ಬೊಬ್ಬರಿಗೆ ಒಂದೊಂದು ನೆಪ ಹೇಳಿ ಕಳಿಸಿದ. ತೊಟ್ಟಿಯ ಬಣ್ಣಕ್ಕೆ ಗೀಚು ಬೀಳುತ್ತದೆಂಬುದು ಒಂದೇ ನಿಜವಾದ ಕಾರಣ; ಅದನ್ನು ಯಾರಿಗೂ ಹೇಳುವಂತಿರಲಿಲ್ಲ.

ಅಮ್ಮಾಜಮ್ಮನ ಅಭಿಪ್ರಾಯ ಏನೆಂದು ಊರಿಗೆಲ್ಲ ಕುತೂಹಲ. ಆಕೆ ಮಾತಾಡುವುದು ಕಡಿಮೆ. ಆ ಮನೆಯಲ್ಲಿ ಆಕೆಯ ಮಾತಿಗಿಂತ ಮೌನಕ್ಕೇ ಎಲ್ಲರೂ ಹೆದರುತ್ತಿದ್ದರು. ಗಾಡಿಯನ್ನು ಒಂದು ಸುತ್ತು ಬಂದಳು. ಮುಂದಿನ ಭಾಗದ ಕಡೆ ನೋಡಲಿಲ್ಲ. ತೊಟ್ಟಿಯೊಳಕ್ಕೆ ಕೈಯಿಟ್ಟು ಸವರಿ, ಆ ಕೈಯನ್ನು ಮೂಗಿನ ಹತ್ತಿರ ಹಿಡಿದಳು. ಮುರಳಿಮೋಹನ್ ಬೆಳಿಗ್ಗೆಯಷ್ಟೇ ಅದಕ್ಕೆ ಘಮಘಮಿಸುವ ಪಾಲಿಷ್ ಬಳಿದಿದ್ದ. ರೇಷ್ಮೆಹುಳುವಿಗೆ ವಾಸನೆ ಆಗದು. ಹುಳುಮನೆಗೆ ಹೋಗುವವರು ಸೆಂಟು ಪೂಸಿಕೊಂಡು ಹೋಗುವುದಿಲ್ಲ. ಆ ತೊಟ್ಟಿಯಲ್ಲಿ ತಂದ ಸೊಪ್ಪನ್ನು ಹುಳು ಮುಟ್ಟುವುದಿಲ್ಲ ಎಂಬುದು ಆಕೆಗೆ ಒಂದು ಉಸಿರಿನಲ್ಲೇ ಗೊತ್ತಾಯಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

"ಅಮ್ಮಾ, ಹೆಂಗಿದೆ?" ಮುರಳಿಮೋಹನ್ ಬಾಗಿಲಲ್ಲಿ ನಿಂತು ಕೇಳಿದ.

ಒಳಗಿನಿಂದ ಪಾತ್ರೆಯ ಸದ್ದು ಬಂತು. ಬೇರೇನೂ ಬರಲಿಲ್ಲ.

"ಅಮ್ಮನಿಗೆ ಸಂತೋಷ ಜಾಸ್ತಿಯಾದ್ರೆ ಮಾತೇ ಹೊರಡಲ್ಲ," ಎಂದು ಅವನು ನಮಗೆ ವಿವರಿಸಿದ.

ಮುನಿವೆಂಕಟಪ್ಪ ಮೊದಲಿನ ಹಾಗೆಯೇ ಮೊಪೆಡ್ಡಿನ ಮೇಲೆ ಸೊಪ್ಪಿನ ಹೊರೆ ಹೇರಿಕೊಂಡು, ಬೀದಿ ತುಂಬ ನಿಂತಿದ್ದ ಮಗನ ಗಾಡಿಯ ಪಕ್ಕದಲ್ಲಿ ಕಾಲೂರಿ ಕಾಲೂರಿ ದಾಟಿಹೋಗುತ್ತಿದ್ದ.

ಮೊದಲ ಪ್ರಯಾಣ ಕೈವಾರಕ್ಕೆ. ಪವಿತ್ರ ಹೊಸ ಸೀರೆಗಳ ಸೂಟ್‌ಕೇಸನ್ನು ಎಲ್ಲಿಡಲಿ ಎಂದಾಗ ಮುರಳಿಮೋಹನ್ ಹೆಮ್ಮೆಯಿಂದ ತೊಟ್ಟಿ ತೋರಿಸಿದ. ಟಾರ್ಪಾಲು ಮನೆಯಲ್ಲಿ ಮರೆತಿದ್ದ. ಹಿಂದಿರುಗುವಾಗ ಒಂದು ಜೋರು ಮಳೆ ಬಂತು. ಅದಕ್ಕಿಂತ ಮುಂಚೆ, ಬಸ್ ನಿಲ್ದಾಣದ ಹತ್ತಿರ ಎಳನೀರು ಕುಡಿಯಲು ನಿಂತಿದ್ದಾಗ, ಮಠಕ್ಕೆ ಬಂದಿದ್ದ ಇಬ್ಬರು ಅಜ್ಜಿಯರು ಯಾರನ್ನೂ ಕೇಳದೆ ಹಿಂದೆ ಹತ್ತಿ ಕೂತಿದ್ದರು. ಚಿಂತಾಮಣಿ ಬಂದಾಗ ಮೇಲಿನಿಂದ ದಬದಬ ಬಡಿದ ಸದ್ದಾಯಿತು.

"ಆಪಯ್ಯಾ, ಇಳೀಬೇಕು!"

ಮುರಳಿಮೋಹನ್ ಗಾಡಿ ನಿಲ್ಲಿಸಿ ಹಿಂದೆ ಹೋಗಿ ನೋಡಿದ. ಅಜ್ಜಿಯರು ಪವಿತ್ರಳ ಸೂಟ್‌ಕೇಸಿನ ಮೇಲೆ ಕೂತಿದ್ದರು. ಅದರೊಳಗಿಂದ ಅರಿಶಿನ ಬಣ್ಣದ ನೀರು ಸೋರುತ್ತಿತ್ತು.

"ಮೇಲೆ ಒಂದು ತಗಡಾದ್ರೂ ಹಾಕ್ಸಪ್ಪ. ನಾಲ್ಕು ಜನ ಹತ್ತೋ ಗಾಡಿ," ಎಂದು ಬೈದು ಅಜ್ಜಿಯರು ಇಳಿದುಹೋದರು.

ಪವಿತ್ರ ಊರು ತಲುಪುವವರೆಗೆ ಸೂಟ್‌ಕೇಸನ್ನು ಮಡಿಲಲ್ಲಿಟ್ಟುಕೊಂಡೇ ಕೂತಳು. ಮನೆ ಮುಂದೆ ಇಳಿದು, "ನನ್ನ ಸೀರೆ ಕಾರಲ್ಲಿ ಬರ್ಲಿಲ್ಲ. ಲಾರೀಲಿ ಬಂತು. ಅಷ್ಟು ತಿಳ್ಕೊಳ್ಳಿ," ಎಂದಳು.

ಅಷ್ಟರಲ್ಲೇ ಮಾವನ ಫೋನು ಬಂತು. ಅದು ಬರದಿದ್ದರೆ ಗಾಡಿ ಮಾರಿಹೋಗುತ್ತಿತ್ತೇನೋ.

ಚೆನ್ನರಾಯಪ್ಪ ಫೋನಿನಲ್ಲಿ ಪಕ್ಕದ ಊರಿಗೆ ಕೇಳುವ ಹಾಗೆ ಮಾತಾಡುತ್ತಿದ್ದ. "ಏಮಪ್ಪಾ ಅಳಿಯಂದಿರೇ, ಹೊಸ ಗಾಡಿ ತಗೊಂಡ್ರಂತೆ! ಮದುವೇಗೆ ನಿಮ್ಮ ಗಾಡೀನೇ ಬೇಕು ನಂಗೆ. ಬೇರೆ ಯಾರ ಗಾಡೀನೂ ಮಾತಾಡಿಲ್ಲ ನಾನು. ನಿಮ್ಮದನ್ನೇ ನಂಬ್ಕೊಂಡಿದೀನಿ. ಕೈ ಬಿಡಬಾರದು ಮತ್ತೆ."

ಮುರಳಿಮೋಹನ್ ಎದ್ದು ನಿಂತು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಬಿಡ್ತೀನಾ ಮಾವ? ಬಿಡ್ತೀನಾ?"

ಯಾವ ಕೆಲಸಕ್ಕೆ ಬೇಕು ಎಂದು ಅವನು ಕೇಳಲಿಲ್ಲ. ಮಾವನೂ ಹೇಳಲಿಲ್ಲ. ಕೇಳುವ ಅಗತ್ಯ ಇಬ್ಬರಿಗೂ ಕಾಣಲಿಲ್ಲ, ಏಕೆಂದರೆ ಮುರಳಿಮೋಹನನ ಕಣ್ಣ ಮುಂದೆ ಗಾಡಿಯ ಮುಂಭಾಗವಿತ್ತು, ಚೆನ್ನರಾಯಪ್ಪನ ಕಣ್ಣ ಮುಂದೆ ಹಿಂಭಾಗವಿತ್ತು.

ಮರುದಿನ ಟೀ ಅಂಗಡಿಯಲ್ಲಿ ಘೋಷಣೆಯಾಯಿತು. "ಈ ಸಲ ಮದುವೆಗಂಡು ಬರೋದು ನನ್ನ ಗಾಡೀಲಿ. ಮಾವನೇ ಬಾಯ್ಬಿಟ್ಟು ಕೇಳಿದ್ರು. ಮೋಹನ್‌ಬಾಬು ಕಾರು ಬೇಡ್ವಂತೆ."

"ಹಂಗಂದ್ರಾ?"

"ಬೇರೆ ಯಾರ ಗಾಡೀನೂ ಮಾತಾಡಿಲ್ಲ ಅಂದ್ರು. ಅದರರ್ಥ ಏನು?"

ಅದರರ್ಥ ಏನೆಂದು ನಾವು ಯೋಚಿಸುವಷ್ಟರಲ್ಲಿ ಅವನು ಶಿಡ್ಲಘಟ್ಟದ ದರ್ಜಿಯ ಹತ್ತಿರ ಹೊರಟುಹೋಗಿದ್ದ. ಕಂಪನಿಯ ವೀಡಿಯೋದಲ್ಲಿ ಬೆಟ್ಟ ಹತ್ತಿಸುವವನು ಮಣ್ಣಿನ ಬಣ್ಣದ ಅಂಗಿ ತೊಟ್ಟಿದ್ದ; ಎದೆಯ ಮೇಲೆ ಎರಡು ಜೇಬು, ಭುಜದ ಮೇಲೆ ಪಟ್ಟಿ. ಅಂಥದ್ದೇ ಅಂಗಿ, ಅದೇ ಬಟ್ಟೆಯ ಪ್ಯಾಂಟು ಹೊಲಿಸಿದ. ದರ್ಜಿ, "ಎಲ್ಲಿ ಕೆಲಸ ಸಿಕ್ತು ಸಾರ್?" ಎಂದು ಕೇಳಿದ್ದರಲ್ಲಿ ಮುಂದಾಗುವುದೆಲ್ಲ ಅಡಗಿತ್ತು. ಮುರಳಿಮೋಹನ್ ನಕ್ಕು ಹೊಲಿಗೆಯ ದುಡ್ಡು ಕೊಟ್ಟ.

ಮದುವೆಯ ದಿನಗಳಿಗೇ ಸರಿಯಾಗಿ ಮನೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದಿತು. ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಗೂಡು ಕಟ್ಟುವ ಮುಂಚೆ ಹಗಲೂ ರಾತ್ರಿ ಸೊಪ್ಪು ಮೇಯುವ ಕಾಲ. ಆಗ ಹುಳು ಬಿಟ್ಟು ಯಾರೂ ಕದಲುವಂತಿಲ್ಲ. ಅಪ್ಪ ಅಮ್ಮ ಮದುವೆಗೆ ಹೊರಡಲಿಲ್ಲ.

"ಒಂದ್ ಹೊರೆ ಸೊಪ್ಪು ಹಾಕ್ಕೊಟ್ಟು ಹೋಗ್ತೀಯೇನಪ್ಪ?" ಮುನಿವೆಂಕಟಪ್ಪ ಬೆಳಿಗ್ಗೆ ಕೇಳಿದ.

"ಅಪ್ಪಾ, ಮದುವೆಗಂಡು ಕೂರೋ ಗಾಡಿ ಇದು. ಸೊಪ್ಪಿನ ಕಲೆ ಹೋಗಲ್ಲ."

ಮುನಿವೆಂಕಟಪ್ಪ ಮೊಪೆಡ್ಡಿನ ಕಿಕ್ಕರ್ ಒದ್ದು ತೋಟಕ್ಕೆ ಹೊರಟ. ಅಮ್ಮಾಜಮ್ಮ ಹುಳುಮನೆಯ ಬಾಗಿಲಲ್ಲಿ ನಿಂತಿದ್ದಳು. ಮಗನ ಹೊಸ ಅಂಗಿಯ ಭುಜದ ಪಟ್ಟಿಯನ್ನು ನೋಡಿದಳು. ಮುಂಚಿಗಿಂತಲೂ ಹೆಚ್ಚು ಸುಮ್ಮನಿದ್ದಳು.

ಮುಂದಿನ ವೃತ್ತಾಂತ ನಮಗೆ ತಿಳಿದದ್ದು ಅಡುಗೆ ಮುನಿಶಾಮಿಯಿಂದ. ಅವನು ಚಿಕ್ಕಬಳ್ಳಾಪುರದ ಕಡೆಯ ಅಡುಗೆ ಮೇಸ್ತ್ರಿ. ಸುಳ್ಳು ಹೇಳುವವನಲ್ಲ, ಆದರೆ ಉಪ್ಪು ಖಾರ ಸರಿಯಾಗಿ ಹಾಕುವವನು.

ಗಂಡ ಹೆಂಡತಿ ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿಗೆ ಹೋಗಿ ಗಾಡಿಗೆ ಅಲಂಕಾರ ಮಾಡಿಸಿದರು. ಮೂತಿಗೆ ಸೇವಂತಿಗೆ ಹಾರ, ಬಾನೆಟ್ಟಿನ ಮೇಲೆ ಗುಲಾಬಿಯ ಹೃದಯ, ತೊಟ್ಟಿಯ ಸುತ್ತ ಚೆಂಡುಹೂವಿನ ತೋರಣ. ಪವಿತ್ರ ಕೂಡ ಸ್ವಲ್ಪ ಮೆತ್ತಗಾಗಿ ಒಂದು ಸೆಲ್ಫಿ ತೆಗೆದುಕೊಂಡಳು. ಆಗ ಮಾವನ ಫೋನು.

"ಎಲ್ಲಿದೀರಿ? ಚಿಕ್ಕಬಳ್ಳಾಪುರನಾ? ದೇವರು ಬಂದ ಹಂಗೆ ಬಂದ್ರಿ! ಅಲ್ಲೇ ಪಾತ್ರೆ ಅಂಗಡಿ ಮುಂದೆ ಮುನಿಶಾಮಿ ಕಾಯ್ತಾವ್ನೆ. ಪಾತ್ರೆ, ತರಕಾರಿ, ಅಡುಗೆಯೋರು, ಎಲ್ಲಾ ಹಾಕ್ಕೊಂಡು ಬಂದ್ಬಿಡಿ."

"ಮಾವ, ಗಾಡಿ ಅಲಂಕಾರ..."

"ಅಲಂಕಾರ ಮಾಡ್ಸಿದೀರಾ? ಒಳ್ಳೇದಾಯ್ತು, ಲಕ್ಷಣವಾಗಿರುತ್ತೆ!"

ಮುರಳಿಮೋಹನ್ ಫೋನಿಟ್ಟು ಹೆಂಡತಿಗೆ ಹೇಳಿದ: "ಹೆಂಗಿದ್ರೂ ದಾರೀಲೇ ಇದೆ. ದೊಡ್ಡಳಿಯ ಅಂದ್ಮೇಲೆ ಜವಾಬ್ದಾರಿ ಇರುತ್ತಲ್ಲ. ಸಾಯಂಕಾಲ ಗಂಡಿಗೆ ಹೋಗುವಾಗ ಖಾಲಿಯಾಗಿರುತ್ತೆ."

ಕೊಳಗಗಳು ಏರಿದವು, ಬಾಂಡ್ಲಿಗಳು ಏರಿದವು, ಈರುಳ್ಳಿ ಮೂಟೆ, ಕುಂಬಳಕಾಯಿ, ಬಾಳೆ ಎಲೆಯ ಕಟ್ಟು. ತೊಟ್ಟಿಯ ಬಣ್ಣಕ್ಕೆ ಮೊದಲ ಗೀಚು ಬಿದ್ದಾಗ ಮುರಳಿಮೋಹನ್ ಕಣ್ಣು ಮುಚ್ಚಿಕೊಂಡ, ಆಮೇಲಿನವನ್ನು ನೋಡಲಿಲ್ಲ. ಅಡುಗೆಯವರು ಮೂಟೆಗಳ ಮೇಲೆ ಕೂತರು. ಮುನಿಶಾಮಿಗೆ ಮಂಡಿನೋವು. ಅವನು ಮುಂದಿನ ಬಾಗಿಲು ತೆಗೆದು, ಪವಿತ್ರಳನ್ನು ನೋಡಿ, "ಅಕ್ಕಾ, ನೀವು ಹಿಂದಿನ ಸೀಟಿಗೆ ಹೋಗ್ತೀರಾ? ನಂಗೆ ಕಾಲು ನೀಡ್ಬೇಕು," ಎಂದ. ಮಡಿಲಲ್ಲಿ ಒಗ್ಗರಣೆಯ ಡಬ್ಬ ಇಟ್ಟುಕೊಂಡು ಏಸಿಯ ಕಂಡಿಯನ್ನು ತನ್ನ ಮಂಡಿಯ ಕಡೆ ತಿರುಗಿಸಿಕೊಂಡ.

"ಹೊರಡೋಣ ಡ್ರೈವರಣ್ಣ," ಎಂದ.

"ನಾನು ಮದುವೆಮನೆ ದೊಡ್ಡಳಿಯ."

"ಹೌದಾ? ಒಳ್ಳೇದು. ಹುಷಾರಾಗಿ ಓಡ್ಸು, ಮೊಸರಿದೆ ಹಿಂದೆ."

ಮಂಚೇನಹಳ್ಳಿ ದಾಟಿದ ಮೇಲೆ ಪೊಲೀಸರು ಕೈ ತೋರಿಸಿದರು. ತಮ್ಮ ಸರ್ವಿಸಿನಲ್ಲಿ ಅವರು ಹೂವಿನ ಗಾಡಿ ನೋಡಿದ್ದರು, ಪಾತ್ರೆ ಗಾಡಿ ನೋಡಿದ್ದರು. ಗುಲಾಬಿಯ ಹೃದಯದ ಹಿಂದೆ ಕುಂಬಳಕಾಯಿ ಹೊತ್ತ ಗಾಡಿಯನ್ನು ನೋಡಿರಲಿಲ್ಲ. ಪೇದೆಯೊಬ್ಬರು ನಿಧಾನವಾಗಿ ಸುತ್ತು ಬಂದು ನಂಬರ್ ಪ್ಲೇಟಿನ ಮುಂದೆ ನಿಂತರು.

"ಬಿಳಿ ಬೋರ್ಡು. ಸ್ವಂತಕ್ಕೆ ಅಂತ ತಗೊಂಡು ಬಾಡಿಗೆ ಹೊಡೀತಿದೀಯಾ?"

"ಇಲ್ಲ ಸಾರ್. ಮದುವೆ. ನಾನು ಗವರ್ನಮೆಂಟ್ ಸರ್ವೆಂಟು."

ಪೇದೆ ಅವನ ಮಣ್ಣು ಬಣ್ಣದ ಅಂಗಿಯನ್ನು, ಭುಜದ ಪಟ್ಟಿಯನ್ನು ನೋಡಿದರು. "ಯಾವ ಡಿಪಾರ್ಟ್‌ಮೆಂಟಿನ ಡ್ರೈವರ್ರು?"

"ಡ್ರೈವರ್ ಅಲ್ಲ ಸಾರ್! ಹೆಣ್ಣಿನ ದೊಡ್ಡ ಭಾವ ನಾನು. ಬೇಕಾದ್ರೆ ನಮ್ಮ ಮಾವನ್ನ ಕೇಳಿ." ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. "ಮಾವ, ಇಲ್ಲಿ ಪೊಲೀಸಿನೋರು ನಾನು ಯಾರು ಅಂತ ಕೇಳ್ತಿದಾರೆ. ಸ್ವಲ್ಪ ಹೇಳಿ."

ಛತ್ರದ ಗದ್ದಲದ ಮಧ್ಯೆ ಚೆನ್ನರಾಯಪ್ಪನ ಧ್ವನಿ ಕೇಳಿಸಿತು. "ಸಾರ್, ನಮಸ್ಕಾರ ಸಾರ್! ಅದು ನಮ್ಮ ಪಾತ್ರೆ ಗಾಡಿ ಸಾರ್! ಬೇಗ ಬಿಟ್ಬಿಡಿ ಸಾರ್, ಇಲ್ಲಿ ಒಲೆ ಹಚ್ಕೊಂಡು ಕೂತಿದೀವಿ!"

ತೊಟ್ಟಿಯಲ್ಲಿ ಒಂದು ಸೌಟು ಜಾರಿ ಕೊಳಗಕ್ಕೆ ಬಿತ್ತು.

ಕೊನೆಗೆ ಪವಿತ್ರ ಹಿಂದಿನ ಕಿಟಕಿಯ ಗಾಜು ಇಳಿಸಿ, ದಣಿದ ಧ್ವನಿಯಲ್ಲಿ, "ಸಾರ್, ಇವರು ನಮ್ಮೆಜಮಾನ್ರು," ಎಂದಳು. ಪೇದೆ ಅವಳ ರೇಷ್ಮೆ ಸೀರೆ ನೋಡಿದರು, ಮುಂದೆ ಕಾಲು ನೀಡಿ ಕೂತ ಮುನಿಶಾಮಿಯನ್ನು ನೋಡಿದರು. "ಹೋಗಮ್ಮ, ಹೋಗಿ," ಎಂದರು. ಅದರಲ್ಲಿ ಅನುಮಾನಕ್ಕಿಂತ ಕನಿಕರ ಹೆಚ್ಚಿತ್ತು.

ಗೌರಿಬಿದನೂರಿನ ಛತ್ರದ ಮುಂದೆ ಮೋಹನ್‌ಬಾಬುವಿನ ಕಾರು ನಿಂತಿತ್ತು. ಬಿಳಿಯ ಕಾರು, ಬಿಳಿಯ ಹೂವು. ಗಾಜಿನ ಮೇಲೆ ಹೆಣ್ಣುಗಂಡಿನ ಹೆಸರು ಅಂಟಿಸಿದ್ದರು. ಕಾರಿಗೆ ಒರಗಿ ನಿಂತಿದ್ದ ಮೋಹನ್‌ಬಾಬು ಕೋಟು ತೊಟ್ಟಿದ್ದ.

"ವೆಲ್‌ಕಮ್ ಬ್ರದರ್! ಪಾತ್ರೆ ಎಲ್ಲಾ ಸೇಫಾಗಿ ಬಂತಾ?"

ಮುರಳಿಮೋಹನ್ ನೇರ ಮಾವನ ಹತ್ತಿರ ಹೋದ. "ಮಾವ, ನಮ್ಮ ಗಾಡೀನೇ ಬೇಕು ಅಂದಿದ್ರಿ."

"ಅಂದಿದ್ದೆನಪ್ಪ. ಬಂತಲ್ಲ."

"ಗಂಡಿಗೆ..."

"ಗಂಡಿಗೆ ಯಾಕಪ್ಪ? ಗಂಡಿಗೆ ಬಾಬು ಕಾರೈತಲ್ಲ ಯಾವಾಗ್ಲೂ." ಚೆನ್ನರಾಯಪ್ಪನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ನೋಡಿ ಅಳಿಯಂದಿರೇ, ಬಾಬು ಕಾರಲ್ಲಿ ಕೊಳಗ ಹಾಕೋಕಾಗುತ್ತಾ? ಆಗಲ್ಲ. ನಿಮ್ದರಲ್ಲಿ ಆಗುತ್ತೆ. ನಿಮ್ಮಂಥ ಗಾಡಿ ನಮ್ಮ ವಂಶದಲ್ಲೇ ಯಾರ ಹತ್ರಾನೂ ಇಲ್ಲ."

ಈ ಹೊಗಳಿಕೆಗೆ ಏನು ಹೇಳಬೇಕೆಂದು ತಿಳಿಯದೆ ಮುರಳಿಮೋಹನ್ ಛತ್ರದ ಹಿಂದಿನ ಕೊಳವೆಬಾವಿಯ ಹತ್ತಿರ ಗಾಡಿ ಒಯ್ದು, ತೊಟ್ಟಿ ತೊಳೆಯಲು ಶುರುಮಾಡಿದ. ಮೊಸರು ಚೆಲ್ಲಿತ್ತು. ಸೋಪು ಹಾಕಿ ತೊಳೆದ, ಹುಣಿಸೆಹಣ್ಣು ಹಾಕಿ ಉಜ್ಜಿದ, ಮತ್ತೆ ತೊಳೆದ. ಊರಿನಿಂದ ಹಚ್ಚಿಕೊಂಡು ಬಂದಿದ್ದ ಘಮಘಮ ಪಾಲಿಷ್ಷೆಲ್ಲ ಗೌರಿಬಿದನೂರಿನ ಚರಂಡಿಗೆ ಹರಿದುಹೋಯಿತು.

ಆದರೆ ಅವನ ಹಣೆಯಲ್ಲಿ ಆ ದಿನ ಮದುವೆಗಂಡನ್ನು ಹೊರುವ ಭಾಗ್ಯ ಬರೆದಿತ್ತು. ಸಂಜೆ ಗುಡಿಯ ಹತ್ತಿರ ಗಂಡಿನ ಕಡೆಯವರನ್ನು ಎದುರುಗೊಳ್ಳಲು ಎಲ್ಲರೂ ಹೊರಟಾಗ, ವಾಲಗದವರನ್ನು ಹೇರಿಕೊಂಡು ಪಿಕಪ್ಪೂ ಹಿಂದೆ ಹೋಯಿತು. ಗಂಡಿನ ಗೆಳೆಯರು ಬೆಂಗಳೂರಿನಿಂದ ಬಂದಿದ್ದರು. ಅವರು ಬಿಳಿಯ ಕಾರನ್ನು ನೋಡಿದರು, ಚೆಂಡುಹೂವಿನ ತೋರಣದ ತೊಟ್ಟಿಯನ್ನು ನೋಡಿದರು.

"ಮಗಾ, ಇದ್ರಲ್ಲಿ ನಿಂತ್ಕೊಂಡು ಎಂಟ್ರಿ ಕೊಟ್ರೆ ಸೂಪರಾಗಿರುತ್ತೆ ಕಣೋ! ಕಾರಲ್ಲಿ ಕೂತ್ರೆ ನಿನ್ನ ಮುಖಾನೇ ಕಾಣಲ್ಲ!"

ಗಂಡು ಬಿಳಿ ಕಾರಿನಿಂದ ಕಾಲು ಹೊರಗೆ ತೆಗೆದು ತೊಟ್ಟಿಗೆ ಹತ್ತಿದ. ವಾಲಗದವರು ಇಳಿದರು. ಮುರಳಿಮೋಹನನ ಕಣ್ಣಲ್ಲಿ ನೀರು ಬಂತು. ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ. ಷಡ್ಡಕನ ಕಾರು ಖಾಲಿ! ಅವನು ಕನ್ನಡಿಯಲ್ಲಿ ಹಿಂದೆ ನೋಡಿದ. ಖಾಲಿ ಕಾರಿಗೆ ಬೀಗ ಹಾಕಿ, ಕೋಟಿನ ಗುಂಡಿ ಹಾಕಿಕೊಳ್ಳುತ್ತ ಮೋಹನ್‌ಬಾಬು ತೊಟ್ಟಿಗೆ ಹತ್ತುತ್ತಿದ್ದ.

ಮೆರವಣಿಗೆ ಭರ್ಜರಿಯಾಗಿತ್ತು. ಬೀದಿಯುದ್ದಕ್ಕೂ ಫೋಟೋ, ವೀಡಿಯೋ. ಎಲ್ಲದರಲ್ಲೂ ಗಂಡು ಕೈ ಬೀಸುತ್ತಿದ್ದಾನೆ, ಅವನ ಹೆಗಲ ಮೇಲೆ ಕೈಯಿಟ್ಟು ಮೋಹನ್‌ಬಾಬು ನಗುತ್ತಿದ್ದಾನೆ. ಗಾಡಿ ಓಡಿಸುತ್ತಿದ್ದವನು ಗಾಜಿನ ಹಿಂದೆ, ಸೇವಂತಿಗೆ ಹಾರದ ಮರೆಯಲ್ಲಿ, ಒಂದು ಮೊಣಕೈಯಾಗಿ ಮಾತ್ರ ಕಾಣುತ್ತಾನೆ. ಮುಂದೆ ಕುಣಿಯುತ್ತಿದ್ದವರು ಆಗಾಗ ಬಾನೆಟ್ ಬಡಿದು, "ಅಣ್ಣಾ, ಸ್ಲೋ! ಅಣ್ಣಾ, ಲೈಟ್ ಹಾಕು!" ಎನ್ನುತ್ತಿದ್ದರು. ಅವನು ಹಾಕುತ್ತಿದ್ದ.

ಛತ್ರದ ಬಾಗಿಲಲ್ಲಿ ಆರತಿಯಾಗಿ ಗಂಡು ಒಳಗೆ ಹೋದ. ಪವಿತ್ರ ಒಳಗೆ ತಂಗಿಯ ಜಡೆಯ ಹತ್ತಿರವಿದ್ದಳು, ಮಾವ ಪುರೋಹಿತರ ಹತ್ತಿರವಿದ್ದ. ಆಗ ಗಂಡಿನ ತಂದೆ ಮುನಿನಾರಾಯಣಪ್ಪ ಒಂದು ತಟ್ಟೆ ಹಿಡಿದುಕೊಂಡು ಹೊರಗೆ ಬಂದರು. ಬಹಳ ಮರ್ಯಾದಸ್ಥರು; ಯಾರನ್ನೂ ಮರೆಯುವವರಲ್ಲ. ನಮ್ಮ ಕಡೆ ಮದುವೆಯಲ್ಲಿ ಅಳಿಯಂದಿರಿಗೆ ಪಂಚೆ ಶಲ್ಯ ಕೊಡುತ್ತಾರೆ. ವಾಲಗದವರಿಗೆ, ಅಡುಗೆಯವರಿಗೆ, ಡ್ರೈವರಿಗೆ ಟವೆಲ್ಲು. ಅವರು ವಾಲಗದವರಿಗೆಲ್ಲ ಕೊಟ್ಟು, ಗಾಡಿಯ ಪಕ್ಕ ಎದೆ ಸೆಟೆದು ನಿಂತಿದ್ದ ಮಣ್ಣು ಬಣ್ಣದ ಅಂಗಿಯ ಮುಂದೆ ಬಂದರು.

"ನಮ್ಮ ಹುಡುಗನ್ನ ಜೋಪಾನವಾಗಿ ತಂದ್ಯಪ್ಪ. ಬಾಳ ಸಂತೋಷ. ತಗೋ." ವೀಳ್ಯದೆಲೆ ಅಡಿಕೆಯೊಂದಿಗೆ ಒಂದು ಗುಲಾಬಿ ಅಂಚಿನ ಟವೆಲ್ಲನ್ನು ಅವನ ಹೆಗಲ ಮೇಲೆ ಹಾಕಿದರು.

ಆಗಲೇ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಟವೆಲ್ಲು ಮೊದಲ ಕಂತು, ಪಂಚೆ ಶಲ್ಯ ಒಳಗೆ ವೇದಿಕೆಯ ಮೇಲೆ ಕೊಡುತ್ತಾರೆ ಎಂದುಕೊಂಡ. ಬಗ್ಗಿ ಅವರ ಕಾಲು ಮುಟ್ಟಿದ.

"ಒಳ್ಳೇ ಹುಡುಗ," ಎಂದರು ಮುನಿನಾರಾಯಣಪ್ಪ. "ಲೇಟ್ ಮಾಡ್ಬೇಡ. ಡ್ರೈವರ್‌ಗಳಿಗೆ ಊಟ ಹಿಂದ್ಗಡೆ ಹಾಕ್ತಾವ್ರೆ. ಹೋಗು."

ಅವನನ್ನು ಕೈಹಿಡಿದು ಹಿಂದಕ್ಕೆ ಕರೆದೊಯ್ದವನು ಒಬ್ಬ ವಾಲಗದವನು. ಮುನಿಶಾಮಿ ಬಡಿಸುತ್ತಿದ್ದ. ಎಲೆಯ ಮುಂದೆ ಕೂತ ದೊಡ್ಡಳಿಯನನ್ನು ನೋಡಿ ಅವನ ಕೈಯಲ್ಲಿ ಸೌಟು ಒಂದು ಕ್ಷಣ ನಿಂತಿತು. ಆಮೇಲೆ ಏನೂ ಕೇಳದೆ, ಎಲ್ಲರಿಗಿಂತ ಒಂದು ಹೋಳಿಗೆ ಜಾಸ್ತಿ ಹಾಕಿದ.

ಒಳಗೆ ವೇದಿಕೆಯ ಮೇಲೆ ಅಳಿಯನ ಪಂಚೆ ಶಲ್ಯ ಮೋಹನ್‌ಬಾಬುವಿಗೆ ಸಂದಿತು. ದೊಡ್ಡಳಿಯ ಎಲ್ಲಿ ಎಂದು ಯಾರೋ ಕೇಳಿದರಂತೆ. ಇಲ್ಲೇ ಎಲ್ಲೋ ಪಾತ್ರೆ ಹತ್ರ ಇರ್ಬೇಕು ಎಂದು ಇನ್ಯಾರೋ ಹೇಳಿದರಂತೆ.

ಮರುದಿನ ಮುಹೂರ್ತ ಮುಗಿದು, ಪಾತ್ರೆಗಳನ್ನು ಚಿಕ್ಕಬಳ್ಳಾಪುರಕ್ಕೆ ಹಿಂದಿರುಗಿಸಿ, ಮುರಳಿಮೋಹನ್ ಒಬ್ಬನೇ ಊರಿಗೆ ಬಂದ. ಪವಿತ್ರ ತಂಗಿಯನ್ನು ಗಂಡನ ಮನೆಗೆ ಬಿಟ್ಟುಬರಲು ಮೋಹನ್‌ಬಾಬುವಿನ ಕಾರಿನಲ್ಲಿ ಹೋಗಿದ್ದಳು. ಟೀ ಅಂಗಡಿಯ ಮುಂದೆ ಅವನು ಗಾಡಿ ನಿಧಾನ ಮಾಡಿದ.

"ಗಂಡು ನಿನ್ನ ಗಾಡೀಲೇ ಬಂದ್ನಾ?" ವೆಂಕಟರವಣಪ್ಪ ಕೇಳಿದ.

"ನನ್ನ ಗಾಡೀಲೇ ಬಂದ ಅಣ್ಣ. ಕಾರು ಬೇಡ ಅಂತ ಇಳಿದು ಹತ್ತಿದ."

ಅದು ನಿಜವೇ ಆಗಿತ್ತು. ಆದ್ದರಿಂದ ಅವನ ಮುಖ ಅಷ್ಟು ಬಾಡಿದ್ದೇಕೆಂದು ಮುನಿಶಾಮಿಯ ಕಥೆ ಇನ್ನೂ ಕೇಳಿರದ ನಮಗಾರಿಗೂ ಅರ್ಥವಾಗಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ನೋಡಿದೆವು. ಎರಡನೇ ಟೀ ಬಂತು.

ಮನೆಯ ಮುಂದೆ ಅಮ್ಮಾಜಮ್ಮ ಕುಡುಗೋಲು ಹಿಡಿದು ತೋ‌ಟಕ್ಕೆ ಹೊರಟು ನಿಂತಿದ್ದಳು. ಮಗ ಗಾಡಿಯಿಂದ ಇಳಿದ. ಅಂಗಿಯ ಭುಜದ ಪಟ್ಟಿಯೊಂದು ಕಿತ್ತು ನೇತಾಡುತ್ತಿತ್ತು. ಆಕೆ ಮಗನನ್ನು ನೋಡಿದಳು, ಟವೆಲ್ಲನ್ನು ನೋಡಿದಳು. ಮೂವತ್ತು ಮದುವೆ ಕಂಡ ಹೆಂಗಸಿಗೆ ಟವೆಲ್ಲು ಯಾರಿಗೆ ಕೊಡುತ್ತಾರೆಂದು ಹೇಳಿಕೊಡಬೇಕಾಗಿರಲಿಲ್ಲ.

ಗಾಡಿ ಬಂದ ದಿನದಿಂದ ಬಾಯಿಬಿಡದಿದ್ದವಳು ಮೊದಲ ಸಲ ಮಾತಾಡಿದಳು.

"ಊಟ ಹಾಕಿದ್ರೇನಪ್ಪ?"

ಮುರಳಿಮೋಹನ್ ನೆಲ ನೋಡಿದ. "ಹಾಕಿದ್ರಮ್ಮ."

ಎಲ್ಲಿ ಎಂದು ಆಕೆ ಕೇಳಲಿಲ್ಲ. ತೊಟ್ಟಿಯ ಹತ್ತಿರ ಹೋಗಿ ಕೈಯಿಟ್ಟು ಸವರಿ, ಕೈಯನ್ನು ಮೂಗಿಗೆ ಹಿಡಿದಳು. ಒಳ್ಳೆಯ ತಗಡಿನ ವಾಸನೆ, ನೀರಿನ ವಾಸನೆ. ಬೇರೇನೂ ಇರಲಿಲ್ಲ.

"ಸೆಂಟು ಹೋಗೈತೆ," ಎಂದಳು. "ನಡಿ, ತೋಟದ ಹತ್ರಕ್ಕೆ ತಿರುಗ್ಸು. ಹುಳ ಕಾಯ್ತಾವೆ."

ಅವನ ಹೆಗಲಿನಿಂದ ಟವೆಲ್ಲನ್ನು ಎಳೆದುಕೊಂಡು, ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು, ಗಾಡಿಯ ಮುಂದೆ ನಡೆದಳು. ಮುರಳಿಮೋಹನ್ ಗೇರು ಹಾಕಿ ನಿಧಾನವಾಗಿ ಹಿಂದೆ ಬಂದ.